ತೇಜಸ್ವಿ ಮತ್ತು ಓಪನ್ ಆಗದ ಕನ್ನಡ ಫೈಲ್

ಪೂರ್ಣಚಂದ್ರ ತೇಜಸ್ವಿ ಅಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗೋದು ‘ಕರ್ವಾಲೊ’. ಹಾರುವ ಓತಿ, ಮಂದಣ್ಣ, ಕಿವಿ ಅನ್ನೋ ನಾಯಿ. ಕನ್ನಡ ಓದೋಕೆ ತಿಣುಕಾಡುವ ಇಂಗ್ಲಿಷ್ ಮೀಡಿಯಂನವರು ಕೂಡ ಆ ಪುಸ್ತಕವನ್ನ ಅರ್ಧಕ್ಕೆ ಬಿಡೋದಿಲ್ಲ. ಆದರೆ ಇದೇ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಫಾಂಟು, ಕೀಬೋರ್ಡು, ಕನ್ನಡ ತಂತ್ರಾಂಶ ಅಂತ ತಲೆ ಕೆಡಿಸಿಕೊಂಡಿದ್ದರು ಅನ್ನೋದು ಕಡಿಮೆ ಜನಕ್ಕೆ ಗೊತ್ತು. ಕಾಫಿ ತೋಟದ ಸಾಹಿತಿಯೊಬ್ಬರು ನಮ್ಮ ಸಿಲೆಬಸ್ಸಿನ ಒಳಗೆ ಬಂದ ಕಥೆ ಇದು.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು. ಕುವೆಂಪು ಅವರ ಹಿರಿಯ ಮಗ. ಬೆಳೆದದ್ದು ಮೈಸೂರಿನಲ್ಲಿ, ಓದಿದ್ದು ಕನ್ನಡ ಎಂ.ಎ. ಅಪ್ಪ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು. ಮಗ ಮನಸ್ಸು ಮಾಡಿದ್ದರೆ ಯಾವುದಾದರೂ ಕಾಲೇಜಿನಲ್ಲಿ ಮೇಷ್ಟರಾಗಿ ಆರಾಮಾಗಿ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಅಲ್ಲೇ ಕೂತು ‘ಅಬಚೂರಿನ ಪೋಸ್ಟಾಫೀಸು’, ‘ಕರ್ವಾಲೊ’, ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ ಬರೆದರು. ‘ಚಿದಂಬರ ರಹಸ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲೋಹಿಯಾ ಅವರ ಸಮಾಜವಾದ, ರೈತ ಚಳವಳಿ ಎಲ್ಲದರಲ್ಲೂ ಅವರ ಪಾಲಿತ್ತು.

ಇದೆಲ್ಲ ಸಾಹಿತ್ಯ ಚರಿತ್ರೆಯಲ್ಲಿ ಸಿಗುತ್ತೆ. ಎಂಜಿನಿಯರಿಂಗ್ ಓದುವವರು ಗಮನಿಸಬೇಕಾದ್ದು ಇನ್ನೊಂದಿದೆ. ತೇಜಸ್ವಿಗೆ ಯಾವುದೇ ಯಂತ್ರ ಸಿಕ್ಕರೂ ಅದರ ಒಳಗೇನಿದೆ ಅಂತ ನೋಡಬೇಕು. ಸ್ಕೂಟರ್ ಕೆಟ್ಟರೆ ತಾವೇ ಬಿಚ್ಚೋರು. ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ದಿನಗಟ್ಟಲೆ ಅಲೆಯೋರು. ಸಿತಾರ್ ಕಲಿತರು, ಚಿತ್ರ ಬರೆದರು, ಮೀನು ಹಿಡಿದರು. ಕಂಪ್ಯೂಟರ್ ಬಂದಾಗ ಅದನ್ನೂ ಹಾಗೇ ಕಲಿತರು. ಟೈಪ್ ಮಾಡಿಕೊಡೋಕೆ ಯಾರನ್ನೋ ಇಟ್ಟುಕೊಂಡು ಸುಮ್ಮನಾಗುವ ಜಾಯಮಾನ ಅವರದಲ್ಲ. ಹಾಗೆ ಒಳಗೆ ಇಣುಕಿದಾಗ ಕಂಡದ್ದು ಕನ್ನಡದ ಒಂದು ದೊಡ್ಡ ರಾದ್ಧಾಂತ.

ಆ ರಾದ್ಧಾಂತ ಏನು ಅಂತ ಅರ್ಥ ಆಗ್ಬೇಕಾದ್ರೆ 2000ದ ಆಸುಪಾಸಿಗೆ ಹೋಗಬೇಕು. ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸುಗಳು ಮುಚ್ಚುತ್ತಾ, ಊರೂರಲ್ಲಿ ಡಿಟಿಪಿ ಅಂಗಡಿ ತೆರೆಯುತ್ತಿದ್ದ ಕಾಲ. ಉದಾಹರಣೆಗೆ, ಮುಳಬಾಗಿಲಿನ ಡಿಟಿಪಿ ಅಂಗಡಿಯಲ್ಲಿ ಒಂದು ಲಗ್ನಪತ್ರಿಕೆ ಟೈಪ್ ಮಾಡಿಸಿದ್ದೀರಿ ಅಂದ್ಕೊಳ್ಳಿ. ಅದನ್ನ ಫ್ಲಾಪಿಯಲ್ಲಿ ಹಾಕ್ಕೊಂಡು ಮಾಲೂರಿನ ಪ್ರೆಸ್ಸಿಗೆ ಹೋಗ್ತೀರಿ. ಅಲ್ಲಿ ಬೇರೆ ತಂತ್ರಾಂಶ ಇದ್ರೆ ಕಥೆ ಮುಗೀತು. ವರನ ಹೆಸರೂ ಇಲ್ಲ, ವಧುವಿನ ಹೆಸರೂ ಇಲ್ಲ, ಪರದೆ ತುಂಬ ಯುರೋಪಿನ ಚಿತ್ರವಿಚಿತ್ರ ಅಕ್ಷರ.

ಕಾರಣ ಸರಳ. ಆಗಿನ ಸಾಮಾನ್ಯ ಫಾಂಟುಗಳಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಒಟ್ಟು 256 ಜಾಗ. ಅದು ಇಂಗ್ಲಿಷಿಗೂ ಯುರೋಪಿನ ಕೆಲವು ಭಾಷೆಗಳಿಗೂ ಸಾಕು. ಕನ್ನಡಕ್ಕೆ ಅಂತ ಜಾಗ ಇರಲಿಲ್ಲ. ಆದ್ದರಿಂದ ಕನ್ನಡದ ತಂತ್ರಾಂಶ ಮಾಡಿದವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದರು. ತಲಕಟ್ಟು ಒಂದು ತುಂಡು, ಒತ್ತು ಒಂದು ತುಂಡು, ದೀರ್ಘ ಒಂದು ತುಂಡು. ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಅನ್ನೋ ಪದವನ್ನ ಫಾಂಟ್ ತೆಗೆದು ನೋಡಿ. ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಒಟ್ಟು 7 ಚಿಹ್ನೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡವೇ ಇಲ್ಲ. ಫಾಂಟ್ ಅನ್ನೋದು ಒಂದು ವೇಷ ಅಷ್ಟೇ.

ವೇಷ ಎಲ್ಲರದ್ದೂ ಒಂದೇ ಆಗಿದ್ದರೆ ಹೇಗೋ ನಡೀತಿತ್ತು. ಆದರೆ ಶ್ರೀಲಿಪಿ, ಪ್ರಕಾಶಕ್, ಬರಹ, ನುಡಿ ಅಂತ ಒಂದೊಂದೂ ಬೇರೆ ಬೇರೆ ಕಡೆ ಹುಟ್ಟಿದವು. ತುಂಡುಗಳನ್ನ ಯಾವ ಜಾಗದಲ್ಲಿ ಕೂರಿಸಬೇಕು ಅನ್ನೋದಕ್ಕೆ ಎಲ್ಲರೂ ಒಪ್ಪಿದ ನಿಯಮ ಮೊದಲಿಗೆ ಇರಲಿಲ್ಲ. ಶೇಷಾದ್ರಿ ವಾಸು ಅವರ ಬರಹ 1998ರಲ್ಲಿ ಬಂದು ಮನೆಮನೆಯಲ್ಲಿ ಕನ್ನಡ ಟೈಪಿಂಗ್ ಸಾಧ್ಯ ಮಾಡಿತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ರಾಜ್ಯದ ಶಿಷ್ಟತೆಯಾಯಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ, ಒಂದು ಆಪರೇಟಿಂಗ್ ಸಿಸ್ಟಂನಿಂದ ಇನ್ನೊಂದಕ್ಕೆ ಹೋಗುವಾಗ ಬರೆದದ್ದು ಉಳಿಯುತ್ತೆ ಅನ್ನೋ ನಂಬಿಕೆ ಇರಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತಮಾಷೆ ಬೇಗ ಅರ್ಥ ಆಗುತ್ತೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಿಂತರೆ ಒಂದೇ ವ್ಯವಹಾರದಲ್ಲಿ ಕನ್ನಡ, ತೆಲುಗು ಎರಡೂ ಕೇಳುತ್ತೆ, ಕೆಜಿಎಫ್ ಕಡೆ ಹೋದರೆ ತಮಿಳೂ ಸೇರುತ್ತೆ. ಜನಕ್ಕೆ ಗೊಂದಲವೇ ಇಲ್ಲ. ಪಾಪ, ಆ ಫೈಲಿಗೆ ತಾನು ಯಾವ ಭಾಷೆ ಅಂತಲೇ ಗೊತ್ತಿಲ್ಲ! ಅದೇ ಬೈಟುಗಳಿಗೆ ಕನ್ನಡ ಫಾಂಟ್ ತೊಡಿಸಿದರೆ ಕನ್ನಡ, ತೆಲುಗು ಫಾಂಟ್ ತೊಡಿಸಿದರೆ ಅರ್ಥವಿಲ್ಲದ ತೆಲುಗು.

ಸೆಕೆಂಡ್ ಇಯರ್‌ನಲ್ಲಿ ಸಾರ್ಟಿಂಗ್ ಮಾಡಿದವರು ಇದನ್ನ ಯೋಚಿಸಿ. ನುಡಿಯಲ್ಲಿ ‘ರ’ ಇರೋದು ಸಣ್ಣ ಜಿ ಜಾಗದಲ್ಲಿ, ‘ತ’ ಇರೋದು ಸಣ್ಣ ವಿ ಜಾಗದಲ್ಲಿ. ಅಂದರೆ 103 ಮತ್ತು 118. ಊರುಗಳ ಪಟ್ಟಿಯನ್ನ ಸಾಮಾನ್ಯ ಪ್ರೋಗ್ರಾಂಗೆ ಕೊಟ್ಟರೆ ‘ರ’ದ ಊರುಗಳು ‘ತ’ದ ಊರುಗಳಿಗಿಂತ ಮುಂದೆ ಬಂದು ಕೂರುತ್ತವೆ. ಒಂದನೇ ಕ್ಲಾಸಿನ ಮಗುವಿಗೆ ಗೊತ್ತಿರುವ ವರ್ಣಮಾಲೆ ಕಂಪ್ಯೂಟರಿಗೆ ಗೊತ್ತಿಲ್ಲ. ನಿಘಂಟು, ಮತದಾರರ ಪಟ್ಟಿ, ಪಹಣಿ, ಯಾವುದನ್ನೇ ಹುಡುಕಬೇಕಾದರೂ, ಜೋಡಿಸಬೇಕಾದರೂ ಈ ಕ್ರಮ ಬೇಕೇ ಬೇಕು. ಭೂಮಿ ಯೋಜನೆಯಲ್ಲಿ ರೈತರ ಪಹಣಿಗಳು ಕಂಪ್ಯೂಟರಿಗೆ ಬಂದದ್ದೂ ಇದೇ ಹೊತ್ತಿಗೆ. ಅಂದರೆ ಇದು ಬರೀ ಸಾಹಿತಿಗಳ ತಲೆನೋವಾಗಿರಲಿಲ್ಲ.

ತೇಜಸ್ವಿ ಈ ವಿಷಯ ಎತ್ತಿಕೊಂಡದ್ದು ಇಲ್ಲೇ. ಆ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಲೇಖನಗಳಲ್ಲಿ, ಸಭೆಗಳಲ್ಲಿ, ಸರ್ಕಾರದ ಮುಂದೆ ಅವರು ಮತ್ತೆ ಮತ್ತೆ ಹೇಳಿದ್ದರ ಸಾರ ಹೀಗಿದೆ: ಕಂಪ್ಯೂಟರಿನಲ್ಲಿ ಸರಿಯಾಗಿ ಕೆಲಸ ಮಾಡದ ಭಾಷೆ ಮುಂದಿನ ದಿನಗಳಲ್ಲಿ ಆಡಳಿತದಿಂದ, ವಿಜ್ಞಾನದಿಂದ, ವ್ಯಾಪಾರದಿಂದ ಹೊರಗೆ ಬೀಳುತ್ತೆ. ಆದ್ದರಿಂದ ಕನ್ನಡದ ತಂತ್ರಾಂಶ ಅನ್ನೋದು ಯಾರೋ ಒಬ್ಬರ ಹವ್ಯಾಸಕ್ಕೋ ಒಂದು ಕಂಪನಿಯ ಲಾಭಕ್ಕೋ ಬಿಟ್ಟುಬಿಡುವ ಸಂಗತಿಯಲ್ಲ, ಸರ್ಕಾರ ಮತ್ತು ವಿಶ್ವವಿದ್ಯಾನಿಲಯಗಳು ಹೊಣೆ ಹೊರಬೇಕು. ಈ ವಿಷಯದಲ್ಲಿ ಅವರು ಯಾರ ಮುಲಾಜೂ ನೋಡಲಿಲ್ಲ, ಇದ್ದ ತಂತ್ರಾಂಶಗಳನ್ನು ಖಾರವಾಗಿಯೇ ಟೀಕಿಸಿದರು. ಅದರಿಂದ ಜಗಳಗಳೂ ಆದವು. ಕಷ್ಟಪಟ್ಟು ತಂತ್ರಾಂಶ ಮಾಡಿದವರಿಗೆ ಅವರ ಮಾತು ನೋವು ಕೊಟ್ಟಿರಬಹುದು. ಸಾಹಿತಿಗೆ ಇದೆಲ್ಲ ಯಾಕೆ ಅಂತ ಅಂದುಕೊಂಡವರೂ ಇದ್ದಿರಬೇಕು.

ಆದರೆ ಅವರು ದೂರು ಹೇಳಿ ಸುಮ್ಮನಾಗಲಿಲ್ಲ. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಒಂದು ಕನ್ನಡ ತಂತ್ರಾಂಶ ರೂಪಿಸುವ ಕೆಲಸಕ್ಕೆ ಕೈಹಾಕಿತು. ಹಾಸನದ ತಂತ್ರಾಂಶ ತಯಾರಕರು ಅದನ್ನ ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಕುವೆಂಪು’. ಅಪ್ಪನ ಹೆಸರಿನ ತಂತ್ರಾಂಶದ ಹಿಂದೆ ಮಗ ನಿಂತಿದ್ದರು.

ಅವರದೇ ‘ತಬರನ ಕಥೆ’ ಓದಿದವರಿಗೆ, ಅಥವಾ ಗಿರೀಶ್ ಕಾಸರವಳ್ಳಿ ಅವರ ಸಿನಿಮಾ ನೋಡಿದವರಿಗೆ ಈ ಸಿಟ್ಟು ಎಲ್ಲಿಂದ ಬಂತು ಅಂತ ಹೊಳೆಯಬಹುದು. ತಬರನ ಪಿಂಚಣಿ ಕಾಗದ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಅಲೆಯುತ್ತೆ. ಪ್ರತಿ ಟೇಬಲ್ಲಿಗೂ ತನ್ನದೇ ನಿಯಮ, ಯಾರೂ ಇನ್ನೊಬ್ಬರ ಕಾಗದವನ್ನ ಗುರುತಿಸೋದಿಲ್ಲ. ಒಂದು ವ್ಯವಸ್ಥೆಗೆ ಇನ್ನೊಂದು ವ್ಯವಸ್ಥೆಯ ಮಾತು ತಿಳಿಯದೇ ಹೋದರೆ ನಡುವೆ ನಿಂತ ಮನುಷ್ಯ ಸಾಯ್ತಾನೆ ಅನ್ನೋದನ್ನ ಆ ಕಥೆ ತೋರಿಸಿತ್ತು. ನನ್ನ ಮಟ್ಟಿಗೆ, ಫಾಂಟ್ ಜಗಳದಲ್ಲಿ ಇದ್ದದ್ದೂ ಅದೇ ತೇಜಸ್ವಿ.

ಪರಿಹಾರ ಆಗಲೇ ಹುಟ್ಟಿತ್ತು. ಅದರ ಹೆಸರು ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗ ಮೀಸಲಾಗಿತ್ತು. ಅಲ್ಲಿ ‘ಕ’ ಅಂದರೆ 3221, ಯಾವ ದೇಶದ ಯಾವ ಯಂತ್ರದಲ್ಲೂ 3221. ‘ಕ್ಷ’ ಬೇಕಾದರೆ ‘ಕ’, ವಿರಾಮ, ‘ಷ’ ಅಂದರೆ 3221, 3277, 3255. ಚಿತ್ರದ ತುಂಡುಗಳ ಬದಲು ಅಕ್ಷರವೇ ಫೈಲಿನಲ್ಲಿ ಉಳಿಯುತ್ತೆ. ‘ಕನ್ನಡ’ಕ್ಕೆ 7 ಚಿಹ್ನೆಯ ಬದಲು 5 ಸಂಕೇತ. ಒತ್ತು ಎಲ್ಲಿ ಬರೆಯಬೇಕು ಅನ್ನೋದು ಫಾಂಟು ಮತ್ತು ಆಪರೇಟಿಂಗ್ ಸಿಸ್ಟಂ ಕೆಲಸ. ಆದರೆ ಸಂಕೇತ ಕಾಗದದ ಮೇಲಿದ್ದರೆ ಸಾಲದು, ಯಂತ್ರಕ್ಕೆ ಅದನ್ನ ತೋರಿಸೋಕೆ ಬರಬೇಕು. ವಿಂಡೋಸ್ 98ಕ್ಕೆ ಬರುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡ ಬಂತು. ಆಮೇಲೂ ಎಷ್ಟೋ ಕಡೆ ಒತ್ತು ಒಡೆದು ಕಾಣುತ್ತಿತ್ತು, ಮೊದಮೊದಲ ಸ್ಮಾರ್ಟ್‌ಫೋನುಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಎಲ್ಲ ಕಡೆ ಸರಿಹೋಗೋಕೆ ವರ್ಷಗಳೇ ಹಿಡಿದವು.

ತೇಜಸ್ವಿ ಅದನ್ನ ನೋಡಲಿಲ್ಲ. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ತೀರಿಕೊಂಡರು. 68 ವರ್ಷ. ನಮ್ಮ ಬ್ಯಾಚಿನ ಬಹಳಷ್ಟು ಜನ ಆಗ ತೊಟ್ಟಿಲಲ್ಲಿ ಇದ್ದೆವು. ಇವತ್ತು ಅಮ್ಮನಿಗೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಮೆಸೇಜ್ ಹಾಕುವಾಗ ಅವರ ಫೋನ್ ಯಾವುದು ಅಂತ ನಾವು ಕೇಳೋದಿಲ್ಲ. ಅವರು ಕೇಳಿದ್ದು ಇಷ್ಟನ್ನೇ. ಅವರ ‘ಕುವೆಂಪು’ ತಂತ್ರಾಂಶವನ್ನ ಈಗ ನಮ್ಮಲ್ಲಿ ಯಾರೂ ಬಳಸೋದಿಲ್ಲ, ಗೆದ್ದದ್ದು ಯೂನಿಕೋಡ್. ಆದರೆ ಇದು ಎಲ್ಲರ ಹೊಣೆ ಅಂತ ಗಲಾಟೆ ಮಾಡುವ ಒಬ್ಬರು ಬೇಕಿತ್ತು, ಆ ಕೆಲಸ ಅವರು ಮಾಡಿದರು.

ಕಥೆ ಇಲ್ಲಿಗೆ ಮುಗಿಯಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮೊದಲ ಕಥಾಸಂಕಲನ ಅಚ್ಚಾದದ್ದು 1920ರಲ್ಲಿ. ಮುಳಬಾಗಿಲಿನ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಬಂದದ್ದು 1943ರಲ್ಲಿ. ಆ ಹಳೇ ಪ್ರತಿ ಸಿಕ್ಕರೆ ಇವತ್ತೂ ಬಿಡಿಸಿ ಓದಬಹುದು, ಕಾಗದಕ್ಕೆ ಆಪರೇಟಿಂಗ್ ಸಿಸ್ಟಂ ಬೇಡ. ಆದರೆ 2003ರಲ್ಲಿ ಯಾರೋ ಟೈಪ್ ಮಾಡಿದ ಊರಿನ ಇತಿಹಾಸ, ಅಜ್ಜಿ ಹೇಳಿದ ಪದಗಳು, ಸಂಘದ ನಡಾವಳಿ ಎಷ್ಟೋ ಹಾರ್ಡ್ ಡಿಸ್ಕುಗಳಲ್ಲಿ ಪೌಂಡ್ ಗುರುತುಗಳಾಗಿ ಮಲಗಿವೆ. ನೂರು ವರ್ಷದ ಪುಸ್ತಕಕ್ಕಿಂತ ಇಪ್ಪತ್ತು ವರ್ಷದ ಫೈಲ್ ಬೇಗ ಸಾಯುತ್ತಿದೆ.

ಅವನ್ನ ಬದಲಾಯಿಸುವ ಕನ್ವರ್ಟರುಗಳಿವೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ‘ಕರ್ನಾಟಕ’ ಪದವನ್ನೇ ತಗೊಳ್ಳಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ‘ನಾ’ ಆದಮೇಲೆ ಬರುತ್ತೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಹಾಗೆ ‘ರ್’ ಮೊದಲು, ‘ನಾ’ ಆಮೇಲೆ. ಒಂದು ಚಿಹ್ನೆ ತೆಗೆದು ಇನ್ನೊಂದು ಹಾಕಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಇದನ್ನ ಸರಿಯಾಗಿ ಮಾಡದ ಪ್ರೋಗ್ರಾಂ ಹೆಸರುಗಳನ್ನ ಕೆಡಿಸುತ್ತೆ, ಎರರ್ ಕೂಡ ತೋರಿಸಲ್ಲ. ಮನುಷ್ಯರೇ ಕೂತು ಮೂಲದ ಜೊತೆ ಇಟ್ಟು ಓದಬೇಕು.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ, ಊರಿನ ಡಿಟಿಪಿ ಅಂಗಡಿಯ ಸಿಡಿಗಳಲ್ಲಿ ಇಂಥ ಕನ್ನಡ ಫೈಲುಗಳಿದ್ದರೆ ಅಳಿಸಬೇಡಿ. ಯಾವ ಫಾಂಟ್ ಅಂತ ಒಂದು ಚೀಟಿಯಲ್ಲಿ ಬರೆದು, ಪೆನ್‌ಡ್ರೈವ್‌ನಲ್ಲಿ ಹಾಕಿ ಕನ್ನಡ ಸಂಘಕ್ಕೆ ತನ್ನಿ. ಕೋಡ್ ಬರೆಯೋಕೆ ಬರುವವರು ಬದಲಾಯಿಸೋಣ, ಕನ್ನಡ ಚೆನ್ನಾಗಿ ಬರುವವರು ತಿದ್ದಲಿ. ಮೂಲ ಫೈಲನ್ನೂ ಹಾಗೇ ಇಟ್ಟಿರಿ, ಮುಂದೆ ಇನ್ನೂ ಒಳ್ಳೆ ಕನ್ವರ್ಟರ್ ಬರಬಹುದು.