ಬಾಬಾಸಾಹೇಬರ ಕೋಟು

ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ನಮ್ಮ ಹಾಸ್ಟೆಲ್‌ನಲ್ಲಿ ಇಸ್ತ್ರಿ ಪೆಟ್ಟಿಗೆಗೆ ಬೆಳಗ್ಗೆ ಐದಕ್ಕೇ ಕ್ಯೂ. ನಿನ್ನೆವರೆಗೂ ಬನಿಯನ್, ಬರ್ಮುಡಾದಲ್ಲೇ ಮೆಸ್‌ಗೆ ಬರುತ್ತಿದ್ದ ಸೀನಿಯರ್ ಇವತ್ತು ಟೈ ಕಟ್ಟಿಕೊಂಡು ನಡೆಯೋದೇ ಬೇರೆ ಥರ. ಚೆನ್ನಾಗಿ ಡ್ರೆಸ್ ಮಾಡಿಕೊಂಡರೆ ಆತ್ಮವಿಶ್ವಾಸ ತಾನಾಗೇ ಬರುತ್ತೆ, ನೋಡೋರ ಕಣ್ಣಿಗೂ ಚೆಂದ ಕಾಣ್ತೀರಿ ಅಂತ ಸಾಫ್ಟ್ ಸ್ಕಿಲ್ಸ್ ಕ್ಲಾಸ್‌ನಲ್ಲಿ ಹೇಳಿಕೊಡ್ತಾರೆ. ಇದಕ್ಕೆ ವಿಜ್ಞಾನದ ಬೆಂಬಲವೂ ಸ್ವಲ್ಪ ಇದೆ. 2012ರಲ್ಲಿ ಹಾಜೋ ಆಡಮ್ ಮತ್ತು ಆಡಮ್ ಗಲಿನ್ಸ್ಕಿ ಅನ್ನೋ ಇಬ್ಬರು ಸಂಶೋಧಕರು ಒಂದೇ ಬಿಳಿ ಕೋಟನ್ನು ಕೆಲವರಿಗೆ ಡಾಕ್ಟರ್ ಕೋಟು ಅಂತಲೂ ಇನ್ನು ಕೆಲವರಿಗೆ ಪೇಂಟರ್ ಕೋಟು ಅಂತಲೂ ಹೇಳಿ ಹಾಕಿಸಿದರು. ಡಾಕ್ಟರ್ ಕೋಟು ಅಂದುಕೊಂಡು ಹಾಕಿಕೊಂಡವರು ಹೆಚ್ಚು ಗಮನ ಕೊಟ್ಟು ಕೆಲಸ ಮಾಡಿದರಂತೆ. ಆಮೇಲೆ ಬೇರೆಯವರು ಇಂಥದೇ ಪ್ರಯೋಗ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ, ಅದು ಬೇರೆ ಮಾತು.

ನಮಗೆ ಗೊತ್ತಿರೋ ಹಾಗೆ ಈ ಪ್ರಯೋಗ ಒಬ್ಬ ಮನುಷ್ಯನ ಮೇಲೆ ಇಡೀ ಆಯುಷ್ಯ ನಡೆದಿದೆ, ಅದೂ ಲ್ಯಾಬ್‌ನ ಹೊರಗೆ. ಪ್ರತಿ ಏಪ್ರಿಲ್ 14ಕ್ಕೆ ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಅವರ ಫೋಟೋಗೆ ಹಾರ ಹಾಕ್ತೀವಿ. ನೀಲಿ ಸೂಟು, ಟೈ, ದುಂಡು ಕನ್ನಡಕ, ಜೇಬಲ್ಲಿ ಪೆನ್ನು. ಅಂಬೇಡ್ಕರ್ ಅವರ ಬಗ್ಗೆ ಸ್ಕೂಲಿನಲ್ಲಿ ಸಂವಿಧಾನ ಓದಿದೆವು, ಪೂನಾ ಒಪ್ಪಂದ ಓದಿದೆವು. ಆ ಸೂಟು ಯಾಕೆ ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ.

ಭೀಮರಾವ್ ಹುಟ್ಟಿದ್ದು 1891ರಲ್ಲಿ, ಮ್ಹೌ ಅನ್ನೋ ದಂಡಿನ ಊರಿನಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್, ಮಿಲಿಟರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮನೆಯಲ್ಲಿ ಶಿಸ್ತು, ಓದು, ಶುಚಿ ಎಲ್ಲ ಇತ್ತು. ಆದರೆ ಜಾತಿ ಮಹಾರ್. ಸತಾರಾದ ಶಾಲೆಯಲ್ಲಿ ಹುಡುಗ ಕೂರೋಕೆ ಮನೆಯಿಂದಲೇ ಒಂದು ಗೋಣಿತಟ್ಟು ತಗೊಂಡು ಹೋಗಬೇಕಿತ್ತು, ಸಂಜೆ ಮತ್ತೆ ಹೊತ್ತು ತರಬೇಕಿತ್ತು. ಶಾಲೆ ಗುಡಿಸುವ ಆಳು ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ಊರಿನ ಕ್ಷೌರಿಕ ಕೂದಲು ಕತ್ತರಿಸುತ್ತಿರಲಿಲ್ಲ, ಮನೆಯಲ್ಲಿ ಅಕ್ಕನೇ ಕತ್ತರಿಸೋರು.

1901ರ ಆಸುಪಾಸು. ಬರಗಾಲದ ಜನಕ್ಕೆ ಕೂಲಿ ಕೊಡೋಕೆ ಸರ್ಕಾರ ಗೋರೆಗಾಂವ್‌ನಲ್ಲಿ ಕೆರೆ ತೋಡಿಸುತ್ತಿತ್ತು. ರಾಮ್‌ಜಿ ಅಲ್ಲಿ ಕ್ಯಾಷಿಯರ್. ಬೇಸಿಗೆ ರಜೆಗೆ ಬನ್ನಿ ಅಂತ ಮಕ್ಕಳಿಗೆ ಕಾಗದ ಬರೆದರು. ಮೊದಲ ಸಲ ರೈಲು ಪ್ರಯಾಣ! ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮಕ್ಕಳಿಗೆ ಇಂಗ್ಲಿಷ್ ಮಾದರಿಯ ಹೊಸ ಅಂಗಿ, ಮಿರಮಿರ ಮಿಂಚುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತ್ರ ತಂದರು. ಭೀಮನಿಗೆ ಆಗ ಸುಮಾರು ಹತ್ತು ವರ್ಷ. ಹೊಸ ಬಟ್ಟೆ ಹಾಕಿಕೊಂಡ ಹತ್ತು ವರ್ಷದ ಹುಡುಗರ ಆತ್ಮವಿಶ್ವಾಸ ಎಷ್ಟಿರುತ್ತೆ ಅಂತ ನಮಗೆ ಗೊತ್ತಲ್ಲ, ಹಬ್ಬದ ದಿನ ನಾವೂ ಹಂಗೇ ಬೀದಿ ತುಂಬ ಸುತ್ತಿದವರು.

ಮಸೂರ್ ಸ್ಟೇಷನ್‌ನಲ್ಲಿ ಇಳಿದರೆ ಕರೆದುಕೊಂಡು ಹೋಗೋಕೆ ಯಾರೂ ಬಂದಿಲ್ಲ. ಮಕ್ಕಳು ಬರುವ ಸುದ್ದಿ ತಂದೆಗೆ ತಲುಪಿರಲೇ ಇಲ್ಲ. ಸ್ಟೇಷನ್ ಮಾಸ್ಟರ್ ಬಂದು ಪ್ರೀತಿಯಿಂದ ವಿಚಾರಿಸಿದರು. ಬಟ್ಟೆ ನೋಡಿ, ಮಾತು ಕೇಳಿ, ಇವು ಬ್ರಾಹ್ಮಣರ ಮಕ್ಕಳು ಅಂತಲೇ ಅಂದುಕೊಂಡಿದ್ದರು. ಯಾವ ಜನ ಅಂತ ಕೇಳಿದಾಗ ಹುಡುಗ ಹಿಂದೆಮುಂದೆ ನೋಡದೆ ಮಹಾರ್ ಅಂದುಬಿಟ್ಟ. ಅವರ ಮುಖ ಥಟ್ಟನೆ ಬದಲಾಯಿತು, ಎದ್ದು ತಮ್ಮ ಕೋಣೆಗೆ ಹೋಗಿಬಿಟ್ಟರು. ಹೊರಗೆ ಬಾಡಿಗೆ ಗಾಡಿಗಳು ಬೇಕಾದಷ್ಟಿದ್ದವು, ಒಬ್ಬನೂ ಬರಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಷರತ್ತು ಏನು ಗೊತ್ತಾ? ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ. ಬುತ್ತಿ ಜೊತೆಗಿತ್ತು, ಆದರೆ ಕುಡಿಯೋಕೆ ಯಾರೂ ನೀರು ಕೊಡಲಿಲ್ಲ. ರೇಷ್ಮೆ ಅಂಚಿನ ಧೋತ್ರ ಉಟ್ಟುಕೊಂಡೇ ಮಕ್ಕಳು ಹಸಿದು ಮಲಗಿದರು.

ಪ್ರಯೋಗದ ಮೊದಲ ರೀಡಿಂಗ್ ಇದು. ಬಟ್ಟೆ ಕೆಲಸ ಮಾಡಿತು, ಚೆನ್ನಾಗೇ ಮಾಡಿತು. ಜಾತಿಯ ಹೆಸರು ಬಾಯಿಂದ ಬರುವವರೆಗೆ.

ಬಟ್ಟೆಗೂ ಜಾತಿಗೂ ಏನು ಸಂಬಂಧ ಅಂತ ಈಗ ಕೆಲವರಿಗೆ ಅನ್ನಿಸಬಹುದು. ಹಿಂದೆ ಅದು ಲಿಖಿತ ನಿಯಮ. ಚಂಡಾಲರು ಸತ್ತವರ ಮೈಮೇಲಿನ ಬಟ್ಟೆ ಉಡಬೇಕು, ಕಬ್ಬಿಣದ ಒಡವೆ ತೊಡಬೇಕು ಅಂತ ಮನುಸ್ಮೃತಿ ಹೇಳುತ್ತದೆ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗೇ ದಶಕಗಟ್ಟಲೆ ಹೊಡೆದಾಡಬೇಕಾಯಿತು. ಅಂದರೆ ಚೆನ್ನಾಗಿ ಉಟ್ಟರೆ ಮನುಷ್ಯನಿಗೆ ಧೈರ್ಯ ಬರುತ್ತೆ ಅನ್ನೋದು ನಮ್ಮ ಸಾಫ್ಟ್ ಸ್ಕಿಲ್ಸ್ ಟ್ರೇನರ್‌ಗಿಂತ ಎಷ್ಟೋ ಮೊದಲೇ ಈ ನಿಯಮ ಮಾಡಿದವರಿಗೆ ಗೊತ್ತಿತ್ತು. ಅದಕ್ಕೇ ತಡೆದರು.

1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಸಿಕ್ಕಿ ಭೀಮರಾವ್ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವಯಸ್ಸು 22, ನಮ್ಮ ಫೈನಲ್ ಇಯರ್ ಸೀನಿಯರ್ಸ್ ವಯಸ್ಸು. ಅಲ್ಲಿ ಕೋಟು ಹಾಕಿದರೆ ಅದು ಬರೀ ಕೋಟು. ಕ್ಲಾಸಿನಲ್ಲಿ ಎಲ್ಲರ ಜೊತೆ ಬೆಂಚು, ಎಲ್ಲರ ಜೊತೆ ಊಟ. ಮೂರು ವರ್ಷ ಅಲ್ಲಿ, ಆಮೇಲೆ ಲಂಡನ್. ಹೊಟ್ಟೆ ಬಟ್ಟೆ ಕಟ್ಟಿ ಓದಿದ ದಿನಗಳು ಅಂತೀವಲ್ಲ, ಆ ಮಾತಿಗೆ ಇವರ ಓದೇ ಸಾಕ್ಷಿ.

1917ರಲ್ಲಿ ವಾಪಸ್ ಬಂದು ಬರೋಡಾದ ಅಕೌಂಟೆಂಟ್ ಜನರಲ್ ಕಚೇರಿಗೆ ಪ್ರೊಬೇಷನರ್ ಆಗಿ ಸೇರಿದರು. ಇರೋಕೆ ರೂಮು ಎಲ್ಲಿ? ಹಿಂದೂ ಹೋಟೆಲ್‌ನಲ್ಲಿ ಸೇರಿಸಲ್ಲ. ಪಾರ್ಸಿಗಳ ವಸತಿಗೃಹ ಒಂದಿದೆ ಅಂತ ಗೊತ್ತಾಗಿ ಹೋದರು, ಮೇಲೆ ಹೋಗಿ ಕೋಟು ಬಿಚ್ಚಿದರು. ನೋಡಿಕೊಳ್ಳುವವನು ಬಂದು ನೋಡಿದರೆ ಒಳಗೆ ಪಾರ್ಸಿಗಳು ತೊಡುವ ಸದ್ರಾ ಇಲ್ಲ, ಕಸ್ತಿ ದಾರ ಇಲ್ಲ. ಕೋಟು ಮುಚ್ಚಿಟ್ಟಿದ್ದನ್ನು ಬನಿಯನ್ ಹೇಳಿಬಿಟ್ಟಿತು. ಆದರೂ ಅವನಿಗೆ ಗಿರಾಕಿ ಬೇಕಿತ್ತು. ಒಂದು ಪಾರ್ಸಿ ಹೆಸರು ಬರೆಸಿ ದಿನಕ್ಕೆ ಒಂದೂವರೆ ರೂಪಾಯಿಗೆ ಇರಿಸಿಕೊಂಡ. ಹನ್ನೊಂದನೇ ದಿನ ಬೆಳಗ್ಗೆ ಊಟ ಮಾಡಿ, ಡ್ರೆಸ್ ಮಾಡಿಕೊಂಡು ಆಫೀಸಿಗೆ ಹೊರಟಾಗ ಹತ್ತಾರು ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕು ಅಂದರು. ಬೇರೆಲ್ಲೂ ಜಾಗ ಸಿಗದೆ ಸಾರ್ವಜನಿಕ ತೋಟವೊಂದರಲ್ಲಿ ಕೂತಿದ್ದು, ರಾತ್ರಿ ರೈಲಿಗೆ ಅವರು ಮುಂಬೈಗೆ ಹೊರಟರು. ಅಮೆರಿಕದಲ್ಲೂ ಇಂಗ್ಲೆಂಡ್‌ನಲ್ಲೂ ಓದಿ ಬಂದ ಮನುಷ್ಯ, ಮೈಮೇಲೆ ಆಫೀಸಿನ ಬಟ್ಟೆ, ಕಣ್ಣಲ್ಲಿ ನೀರು. ಈ ಭಾಗ ಓದಿದ ಮೇಲೆ ನಮ್ಮ ಪಿಜಿ ಓನರ್‌ಗಳ ಬಗ್ಗೆ ದೂರು ಹೇಳೋಕೆ ನಾಚಿಕೆ ಆಗುತ್ತೆ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀವಿ. ಮುಂಬೈನ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರ್ ಆದರು, ಅಲ್ಲಿ ಸ್ಟಾಫ್ ನೀರಿನ ಮಡಕೆ ಮುಟ್ಟೋಕೆ ಸಹೋದ್ಯೋಗಿಗಳ ತಕರಾರು. 1920ರಲ್ಲಿ ಮತ್ತೆ ಲಂಡನ್‌ಗೆ ಹೋಗಿ 1923ರಲ್ಲಿ ಡಿಎಸ್ಸಿ ಮತ್ತು ಬ್ಯಾರಿಸ್ಟರ್ ಪದವಿ ಜೊತೆ ಬಂದರು. ಹೆಂಡತಿ ರಮಾಬಾಯಿ ಅಷ್ಟೂ ದಿನ ಮುಂಬೈನ ಚಾಳಿನಲ್ಲಿ ಬಡತನದಲ್ಲೇ ಸಂಸಾರ ತೂಗಿಸಿದರು. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ಕು ಉಳಿಯಲಿಲ್ಲ. ಫೋಟೋದಲ್ಲಿ ಕಾಣುವ ಸೂಟಿನ ಹಿಂದೆ ಈ ಹೆಣ್ಣುಮಗಳ ಲೆಕ್ಕವೂ ಇದೆ. ಅದನ್ನು ಬಿಟ್ಟು ಬರೆದರೆ ಕಥೆ ಅರ್ಧವೇ ಅಂತ ನಮಗೆ ಅನ್ನಿಸಿತು.

1927 ಡಿಸೆಂಬರ್, ಮಹಾಡ್. ಅದೇ ವರ್ಷ ಮಾರ್ಚ್‌ನಲ್ಲಿ ಚೌದಾರ್ ಕೆರೆಯ ನೀರು ಕುಡಿದ ಊರು. ಡಿಸೆಂಬರ್ 25ರಂದು ಅಲ್ಲಿ ಮನುಸ್ಮೃತಿ ಸುಟ್ಟರು, ಸತ್ತವರ ಬಟ್ಟೆ ಉಡಬೇಕು ಅಂದಿದ್ದ ಅದೇ ಪುಸ್ತಕ. ಇದು ಎಲ್ಲರಿಗೂ ಗೊತ್ತು. ಆ ಸಮ್ಮೇಳನದಲ್ಲಿ ಅಂಬೇಡ್ಕರ್ ಹೆಣ್ಣುಮಕ್ಕಳ ಜೊತೆ ಪ್ರತ್ಯೇಕವಾಗಿ ಮಾತಾಡಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಅವರು ಹೇಳಿದ್ದು ಸೀರೆ ಬಗ್ಗೆ. ಆಗ ಅಸ್ಪೃಶ್ಯ ಹೆಂಗಸರು ಸೀರೆಯನ್ನು ಮೊಣಕಾಲವರೆಗೆ ಎತ್ತಿ ಉಡೋರು, ಕೊರಳಲ್ಲಿ ಕೈಯಲ್ಲಿ ಭಾರದ ಬೆಳ್ಳಿ ಸರ, ಕಡಗ. ದೂರದಿಂದ ನೋಡಿದರೇ ಜಾತಿ ಗೊತ್ತಾಗಬೇಕು, ಅದಕ್ಕೇ ಆ ಪದ್ಧತಿ. ಹೆಸರು ಕೇಳೋ ಅಗತ್ಯವೂ ಇಲ್ಲ. ಆ ಗುರುತನ್ನು ಮೈಯಿಂದ ತೆಗೆಯಿರಿ, ಸೀರೆ ಪಾದದವರೆಗೆ ಉಡಿ, ಆ ಭಾರದ ಒಡವೆ ಬಿಡಿ, ಬಟ್ಟೆ ಹರಿದಿದ್ದರೂ ಪರವಾಗಿಲ್ಲ ಶುಚಿಯಾಗಿರಲಿ ಅನ್ನೋ ಅರ್ಥದಲ್ಲಿ ಅವರು ಮಾತಾಡಿದರು. ಮಾತು ಮುಗಿದ ಮೇಲೆ ಅಲ್ಲೇ ಹೆಂಗಸರು ಸೀರೆ ಬಿಚ್ಚಿ ಹೊಸ ರೀತಿಯಲ್ಲಿ ಉಡೋದು ಕಲಿತರು, ಊರಿಗೆ ಹಾಗೇ ಉಟ್ಟುಕೊಂಡು ಹೊರಟರು.

ಯೋಚನೆ ಮಾಡಿ. ಒಂದು ಹೊಸ ಸೀರೆ ಕೊಂಡಿಲ್ಲ, ಒಂದು ರೂಪಾಯಿ ಖರ್ಚಿಲ್ಲ. ಅದೇ ಸೀರೆ, ಒಂದು ಮೊಳ ಕೆಳಗೆ. ಊರಿಗೆ ವಾಪಸ್ ಹೋಗಿ ಗೌಡರ ಮನೆ ಮುಂದೆ ಹಾಗೆ ಉಟ್ಟು ನಡೆಯೋಕೆ ಎಷ್ಟು ಧೈರ್ಯ ಬೇಕಿರಬಹುದು! ನಮ್ಮ ಕ್ಲಾಸಿನಲ್ಲಿ ಹೇಳೋದು ಬಟ್ಟೆಯಿಂದ ಧೈರ್ಯ ಬರುತ್ತೆ ಅಂತ. ಇಲ್ಲಿ ಉಡೋಕೇ ಮೊದಲು ಧೈರ್ಯ ಬೇಕಿತ್ತು.

ಬಟ್ಟೆಯಿಂದ ಎಲ್ಲ ಸರಿಹೋಗುತ್ತೆ ಅನ್ನೋ ಭ್ರಮೆ ಅಂಬೇಡ್ಕರ್ ಅವರಿಗೆ ಇದ್ದಿರಲಾರದು. ಇದ್ದಿದ್ದರೂ 1929 ಅದನ್ನು ತೆಗೆದುಹಾಕುತ್ತಿತ್ತು. ಆಗ ಅವರು ಬ್ಯಾರಿಸ್ಟರ್, ಅಸ್ಪೃಶ್ಯರ ದೂರು ವಿಚಾರಿಸೋಕೆ ಮುಂಬೈ ಸರ್ಕಾರ ಮಾಡಿದ ಸಮಿತಿಯ ಸದಸ್ಯ. ಚಾಳಿಸ್‌ಗಾಂವ್ ಸ್ಟೇಷನ್‌ನಲ್ಲಿ ಇಳಿದರು. ಯಾವ ಟಾಂಗಾದವನೂ ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಇಷ್ಟು ದೊಡ್ಡ ಅತಿಥಿ ನಡೆದು ಬಂದರೆ ಮರ್ಯಾದೆ ಏನುಳಿಯಿತು ಅಂತ ಅಲ್ಲಿನ ಮಹಾರ್ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದು, ತಮ್ಮವನೊಬ್ಬನನ್ನು ಹೊಡೆಯೋಕೆ ಕೂರಿಸಿದರು. ಅವನು ಯಾವತ್ತೂ ಟಾಂಗಾ ಹೊಡೆದವನಲ್ಲ. ಸೇತುವೆ ಹತ್ತಿರ ಟಾಂಗಾ ಮಗುಚಿ ಅಂಬೇಡ್ಕರ್ ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಮಸೂರ್‌ನ ಗಾಡಿ ಆಗಿ 28 ವರ್ಷ. ನಡುವೆ ಎರಡು ಡಾಕ್ಟರೇಟ್. ಗಾಡಿ ಹೊಡೆಯುವವ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಹಂಗಂತ ಅವರು ಕೋಟು ಬಿಟ್ಟರಾ? ಬಿಡಲಿಲ್ಲ. 1931ರಲ್ಲಿ ಮುಂಬೈನ ಮಣಿಭವನದಲ್ಲಿ ಗಾಂಧೀಜಿಯನ್ನು ಭೇಟಿಯಾದರು, ಅದೇ ವರ್ಷ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಇಬ್ಬರೂ ಎದುರುಬದುರು. ಒಬ್ಬರು ಸೂಟಿನಲ್ಲಿ, ಒಬ್ಬರು ತುಂಡು ಪಂಚೆಯಲ್ಲಿ. ತಮಾಷೆ ಅಂದರೆ, ಅಂಬೇಡ್ಕರ್ ಯಾರೋ ಬ್ರಾಹ್ಮಣ ಇರಬೇಕು ಅಂತ ಗಾಂಧೀಜಿ ಕೆಲಕಾಲ ಅಂದುಕೊಂಡಿದ್ದರಂತೆ. ಮಸೂರ್‌ನ ಸ್ಟೇಷನ್ ಮಾಸ್ಟರ್ ಹಾಗೆಯೇ! ಗಾಂಧೀಜಿ ತಾವೂ ಲಂಡನ್ನಿನಲ್ಲಿ ಓದುವಾಗ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡ್ ಕೊಟ್ಟು ಸೂಟು ಹೊಲಿಸಿದವರೇ. ಆಮೇಲೆ 1921ರಲ್ಲಿ ಮದುರೆಯಲ್ಲಿ ಎಲ್ಲ ಬಿಟ್ಟು ತುಂಡು ಪಂಚೆ ಉಟ್ಟರು. ಅದು ದೊಡ್ಡ ತ್ಯಾಗ, ಅನುಮಾನವಿಲ್ಲ. ಆದರೆ ಬಟ್ಟೆ ಬಿಡೋಕೆ ಮೊದಲು ಅದು ತನ್ನದಾಗಿರಬೇಕು. ಹುಟ್ಟಿನಿಂದಲೇ ಹರಕು ಉಡು ಅಂತ ಹೇಳಿಸಿಕೊಂಡ ಜನದ ನಾಯಕ ಮತ್ತೆ ಹರಕು ಉಟ್ಟರೆ ಅದನ್ನು ಯಾರೂ ತ್ಯಾಗ ಅನ್ನೋದಿಲ್ಲ, ಅವನ ಜಾಗ ಅದೇ ಅಂತಾರೆ. ನಮ್ಮ ಕ್ಯಾಂಪಸ್‌ನಲ್ಲೂ ನೋಡಿ, ಮೂರು ಸಾವಿರ ಕೊಟ್ಟು ಹರಿದ ಜೀನ್ಸ್ ಹಾಕೋರು ಯಾರು? ಮನೆಯಲ್ಲಿ ಹರಿಯದ ಜೀನ್ಸ್ ನಾಲ್ಕು ಇರೋರು. ಜುಕರ್‌ಬರ್ಗ್ ಬೂದು ಟೀ ಶರ್ಟ್ ಹಾಕಿದರೆ ಸರಳತೆ. ಹಳ್ಳಿಯಿಂದ ಬಂದ ಹುಡುಗ ದಿನಾ ಅದೇ ಶರ್ಟ್ ಹಾಕಿದರೆ ಅವನಿಗೆ ಒಂದು ಅಡ್ಡಹೆಸರು.

ಮಂತ್ರಿ, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷ, ಆ ಭಾಗ ಎಲ್ಲರೂ ಓದಿರ್ತೀರಿ. ಮನೆಯಲ್ಲಿ ಕುರ್ತಾ ಹಾಕಿ ಆರಾಮಾಗಿ ಕೂತ ಫೋಟೋಗಳೂ ಅವರವು ಇವೆ. ಸೂಟೇ ಅವರ ಚರ್ಮ ಆಗಿತ್ತು ಅಂತೇನಲ್ಲ. ಎಲ್ಲಿ ಏನು ಹಾಕಬೇಕು ಅನ್ನೋ ಲೆಕ್ಕ ಅವರಿಗೆ ಸ್ಪಷ್ಟವಾಗಿತ್ತು. 1956 ಅಕ್ಟೋಬರ್ 14, ನಾಗಪುರ. ಬೌದ್ಧ ಧರ್ಮ ಸ್ವೀಕರಿಸಿದ ದಿನ ಅವರು ಹಾಕಿದ್ದು ಬಿಳಿ ರೇಷ್ಮೆ ಧೋತ್ರ, ಬಿಳಿ ಕೋಟು. ಮಸೂರ್‌ಗೆ ಹೊರಟ ಹುಡುಗ ಉಟ್ಟಿದ್ದೂ ರೇಷ್ಮೆ ಅಂಚಿನ ಧೋತ್ರವೇ. ಅಂದು ಮೈದಾನದಲ್ಲಿ ಲಕ್ಷಗಟ್ಟಲೆ ಜನ, ಬಹಳ ಮಂದಿ ಬಿಳಿ ಬಟ್ಟೆಯಲ್ಲಿ. ಆ ಗುಂಪಿನಲ್ಲಿ ಬಟ್ಟೆ ನೋಡಿ ಯಾರು ಯಾವ ಜಾತಿ ಅಂತ ಹೇಳೋಕೆ ಸಾಧ್ಯವಿರಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು ಅವರು ತೀರಿಕೊಂಡರು.

ಮೀಸೆ ತಿರುವಿದ್ದಕ್ಕೆ, ಮದುವೆಯಲ್ಲಿ ಕುದುರೆ ಏರಿದ್ದಕ್ಕೆ ದಲಿತ ಹುಡುಗರಿಗೆ ಹೊಡೆದ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತೆ. ವಿಧಾನಸೌಧದ ಮುಂದೆ ಅಂಬೇಡ್ಕರ್ ಪ್ರತಿಮೆ ಇದೆ. ಆದರೆ ನಮಗೆ ಹೆಚ್ಚು ಇಷ್ಟ ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಾಣುವ ಸಣ್ಣ ಸಿಮೆಂಟಿನ ಪ್ರತಿಮೆಗಳು. ಮುಖ ಒಂದೊಂದು ಊರಲ್ಲಿ ಒಂದೊಂದು ಥರ. ಕೆಲವು ಕಡೆ ಗುರುತೇ ಸಿಗಲ್ಲ. ಕೋಟಿನ ಗುಂಡಿ, ಟೈ, ಜೇಬಿನ ಪೆನ್ನು ಮಾತ್ರ ಯಾವ ಊರಿನ ಶಿಲ್ಪಿಯೂ ಮರೆತಿರಲ್ಲ. ಏಪ್ರಿಲ್ ಹತ್ತಿರ ಬಂತು ಅಂದರೆ ಹುಡುಗರು ಏಣಿ ಹಾಕಿಕೊಂಡು ಆ ಕೋಟಿಗೆ ಹೊಸ ನೀಲಿ ಬಳಿಯುತ್ತಿರುತ್ತಾರೆ.