ಕಣ್ಣೊಳಗೆ ನೆಲೆನಿಂತ ಮಸೂರ: ಡಾ. ಜಿ. ವೆಂಕಟಸ್ವಾಮಿಯವರ ಬದುಕು

ಕೊಡೈಕಾನಲ್‌ನ ಕೋಕರ್ಸ್ ವಾಕ್ ಹಾದಿಯಲ್ಲಿ ನಿಂತವರಿಗೆ ಮಂಜಿಲ್ಲದ ದಿನ ಕೆಳಗಿನ ಬಯಲು ಬಹುದೂರದವರೆಗೆ ನಿಚ್ಚಳವಾಗಿ ಕಾಣುತ್ತದೆ. ಮಂಜು ಕವಿದರೆ ಎದುರಿನ ಮರವೂ ಮರೆಯಾಗುತ್ತದೆ. ನಮ್ಮ ಓದುಗರಲ್ಲಿ ಹಲವರು ಪ್ರವಾಸದಲ್ಲಿ ಈ ಬೆಟ್ಟವನ್ನು ಕಂಡಿರಬಹುದು. ಬೆಟ್ಟದಾಚೆಯ ತೇನಿ ಮತ್ತು ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡ ಕುಟುಂಬಗಳಿವೆ. ಆ ಸೀಮೆಯ ಅಸಂಖ್ಯ ಹಿರಿಯರ ಕಣ್ಣಿಗೆ ಕವಿದಿದ್ದ ಮಂಜನ್ನು ಸರಿಸಿದ ವೈದ್ಯರೊಬ್ಬರ ಬದುಕನ್ನು ನಾವಿಂದು ನೆನೆಯುತ್ತಿದ್ದೇವೆ.

ಗೋವಿಂದಪ್ಪ ವೆಂಕಟಸ್ವಾಮಿಯವರು 1918ರ ಅಕ್ಟೋಬರ್ 1ರಂದು ತಮಿಳುನಾಡಿನ ದಕ್ಷಿಣದ ವಡಮಲಾಪುರಂ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಹಳ್ಳಿಯ ಶಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತರು. ಹೆರಿಗೆಯ ಸಂಕಟದಲ್ಲಿ ಬಂಧುಗಳ ಹೆಣ್ಣುಮಕ್ಕಳು ತೀರಿಕೊಂಡದ್ದನ್ನು ಕಂಡು, ವೈದ್ಯನಾಗಬೇಕೆಂದು ನಿಶ್ಚಯಿಸಿದರು. 1944ರಲ್ಲಿ ಮದರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಸೈನ್ಯದ ವೈದ್ಯಸೇವೆಗೆ ಸೇರಿದರು. ಅಲ್ಲಿ ತೀವ್ರವಾದ ಸಂಧಿವಾತ ಅವರನ್ನು ಕೆಡವಿತು. 1948ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿ ದೀರ್ಘಕಾಲ ಹಾಸಿಗೆ ಹಿಡಿದರು. ಬೆರಳುಗಳು ಶಾಶ್ವತವಾಗಿ ಸೊಟ್ಟಗಾದವು.

ಹೆರಿಗೆ ವೈದ್ಯನಾಗುವ ಆಸೆಯನ್ನು ಕೈಬಿಡಬೇಕಾಯಿತು. ಅವರು ನೇತ್ರಚಿಕಿತ್ಸೆಯ ಕಡೆ ತಿರುಗಿ, ಸೊಟ್ಟ ಬೆರಳುಗಳಲ್ಲೇ ಶಸ್ತ್ರವನ್ನು ಹಿಡಿಯುವುದನ್ನು ಹೊಸದಾಗಿ ಅಭ್ಯಾಸ ಮಾಡಿದರು. 1951ರಲ್ಲಿ ನೇತ್ರವೈದ್ಯದ ಡಿಪ್ಲೊಮಾ ಪಡೆದರು. 1956ರಲ್ಲಿ ಮಧುರೈನ ಸರ್ಕಾರಿ ವೈದ್ಯಕೀಯ ಕಾಲೇಜಿನ ನೇತ್ರವಿಭಾಗದ ಮುಖ್ಯಸ್ಥರಾಗಿ, ಹಳ್ಳಿಹಳ್ಳಿಗಳಲ್ಲಿ ಕಣ್ಣಿನ ಶಿಬಿರಗಳನ್ನು ನಡೆಸಿದರು. ಅದೇ ಕೈಗಳಿಂದ ಜೀವಮಾನದಲ್ಲಿ ಅವರು ನಡೆಸಿದ ಶಸ್ತ್ರಚಿಕಿತ್ಸೆಗಳು ಒಂದು ಲಕ್ಷಕ್ಕೂ ಹೆಚ್ಚು. 1973ರಲ್ಲಿ ಪದ್ಮಶ್ರೀ ಸಂದಿತು.

1976ರಲ್ಲಿ ನಿವೃತ್ತರಾದಾಗ ಅವರಿಗೆ 58 ವರ್ಷ. ಒಡಹುಟ್ಟಿದವರನ್ನೂ ಅವರ ಸಂಸಾರಗಳನ್ನೂ ಕೂಡಿಸಿಕೊಂಡು ಮಧುರೈನಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಹಣ ಕೊಡಬಲ್ಲವರು ಕೊಟ್ಟದ್ದರಿಂದಲೇ ಕೊಡಲಾರದವರಿಗೂ ಚಿಕಿತ್ಸೆ ನಡೆಯಬೇಕೆಂಬುದು ಅದರ ನಿಯಮ. 1985ರಲ್ಲಿ ತೇನಿಯಲ್ಲಿ ಶಾಖೆ ಆರಂಭವಾಗಿ, ಕಣಿವೆಯ ಜನರಿಗೂ ಈ ಸೇವೆ ಹತ್ತಿರವಾಯಿತು.

ಆದರೆ ಪೊರೆ ತೆಗೆದೊಡನೆ ದೃಷ್ಟಿ ಸರಿಹೋಗುತ್ತಿರಲಿಲ್ಲ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು. ಅದನ್ನು ತೆಗೆದ ಮೇಲೆ ಬೆಳಕನ್ನು ಒಂದೆಡೆ ಕೂಡಿಸಲು ಬೇರೊಂದು ಮಸೂರ ಬೇಕು. ಅಂದು ಬಡವರಿಗೆ ದೊರೆಯುತ್ತಿದ್ದುದು ದಪ್ಪ ಗಾಜಿನ ಕನ್ನಡಕ. ಕಣ್ಣಿನಿಂದ ದೂರ ನಿಂತ ಆ ಗಾಜು ಎಲ್ಲವನ್ನೂ ಸುಮಾರು ಕಾಲು ಭಾಗದಷ್ಟು ದೊಡ್ಡದಾಗಿ ತೋರಿಸುತ್ತಿತ್ತು. ನೇರ ಗೆರೆಗಳು ಬಾಗುತ್ತಿದ್ದವು. ಅಂಚಿನಲ್ಲಿ ಸುತ್ತಲೂ ಏನೂ ಕಾಣದ ಒಂದು ಬಳೆಯಿರುತ್ತಿತ್ತು. ತಲೆ ತಿರುಗಿಸಿದರೆ ಲೋಕವೇ ತೇಲಿದಂತಾಗುತ್ತಿತ್ತು. ಒಂದೇ ಕಣ್ಣಿಗೆ ಚಿಕಿತ್ಸೆಯಾಗಿದ್ದರೆ ಎರಡು ಕಣ್ಣುಗಳ ಬಿಂಬಗಳು ಕೂಡುತ್ತಲೇ ಇರಲಿಲ್ಲ. ಕನ್ನಡಕ ಒಡೆದರೆ ರೈತ ಮತ್ತೆ ಕುರುಡನಂತೆಯೇ.

ಕಣ್ಣಿನ ಮೇಲೆಯೇ ಕೂರುವ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನೊಡನೆ ತಾನೂ ತಿರುಗುವುದರಿಂದ ಈ ದೋಷಗಳು ಬಹಳ ಕಡಿಮೆ. ಆದರೆ ಅದನ್ನು ದಿನವೂ ಶುಚಿಮಾಡಿ ಹಾಕಿ ತೆಗೆಯುವುದು ಹೊಲಗದ್ದೆಗಳಲ್ಲಿ ದುಡಿಯುವ ವೃದ್ಧರಿಗೆ ಸಾಧ್ಯವಿರಲಿಲ್ಲ. ಮಸೂರವನ್ನು ಕಣ್ಣಿನೊಳಗೇ ಇಡುವ ಮಾರ್ಗವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು 1949ರಲ್ಲಿ ತೋರಿದ್ದರು. ಯುದ್ಧವಿಮಾನದ ಗವಾಕ್ಷಿಯ ಪ್ಲಾಸ್ಟಿಕ್ ಚೂರುಗಳನ್ನು ವಿಮಾನಚಾಲಕರ ಕಣ್ಣು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಆದರೆ ನಮ್ಮ ದೇಶಕ್ಕೆ ಆಮದಾಗುತ್ತಿದ್ದ ಅಂಥ ಒಂದು ಮಸೂರಕ್ಕೆ ನೂರು ಡಾಲರಿಗೂ ಮಿಕ್ಕ ಬೆಲೆಯಿತ್ತು. ಉಳ್ಳವನಿಗೆ ಸ್ಪಷ್ಟ ದೃಷ್ಟಿ, ಇಲ್ಲದವನಿಗೆ ದಪ್ಪ ಗಾಜು ಎಂಬ ಭೇದವನ್ನು ವೆಂಕಟಸ್ವಾಮಿಯವರು ಒಪ್ಪಲಿಲ್ಲ. ಮಸೂರವನ್ನು ಇಲ್ಲಿಯೇ ತಯಾರಿಸಲು 1992ರಲ್ಲಿ ಮಧುರೈನಲ್ಲಿ ಆರೋಲ್ಯಾಬ್ ಆರಂಭವಾಯಿತು. ಬೆಲೆ ಹತ್ತು ಡಾಲರಿನ ಆಸುಪಾಸಿಗೆ ಇಳಿದು, ಮುಂದೆ ಇನ್ನೂ ಕುಗ್ಗಿತು. ಆ ಮಸೂರಗಳು ನೂರಕ್ಕೂ ಹೆಚ್ಚು ದೇಶಗಳನ್ನು ತಲುಪಿವೆ.

ಈ ಮಸೂರದ ರಚನೆಯನ್ನು ಮಕ್ಕಳೂ ತಿಳಿಯಬಹುದು. ನಡುವೆ ಸುಮಾರು 6 ಮಿಲಿಮೀಟರ್ ಅಗಲದ ಪಾರದರ್ಶಕ ಬಿಲ್ಲೆ. ಎರಡು ಬದಿಗೆ ಬಾಗಿದ ತೋಳುಗಳು. ಹಳೆಯ ಮಸೂರವಿದ್ದ ತೆಳುಚೀಲದ ಒಳಗೋಡೆಗೆ ತೋಳುಗಳು ಆತುಕೊಂಡು ಬಿಲ್ಲೆಯನ್ನು ಪಾಪೆಯ ನೇರಕ್ಕೆ ಕದಲದಂತೆ ಹಿಡಿಯುತ್ತವೆ. ಸಹಜ ಮಸೂರದ ಸ್ಥಾನದಲ್ಲೇ ಇರುವುದರಿಂದ ಬಿಂಬದ ಗಾತ್ರವೂ ಬಹುಮಟ್ಟಿಗೆ ಸಹಜ. ಗಡುಸಾದ ಮೊದಲಿನ ಮಸೂರಕ್ಕೆ ದೊಡ್ಡ ಗಾಯ ಬೇಕಿತ್ತು. ಮೃದುವಾದ ಮಸೂರವನ್ನಾದರೋ ಮಡಚಿ, 3 ಮಿಲಿಮೀಟರಿಗೂ ಕಿರಿದಾದ ಗಾಯದಿಂದ ಸೇರಿಸಬಹುದು. ಒಳಗೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಾಯ ಕಿರಿದಾದಷ್ಟೂ ಕಣ್ಣಿನ ಮುಂಭಾಗದ ಆಕಾರ ಕೆಡದೆ ನೋಟ ಸ್ಪಷ್ಟವಾಗುತ್ತದೆ. ಬಿಲ್ಲೆಯ ಅಂಚನ್ನು ಚೌಕವಾಗಿ ಕತ್ತರಿಸಿದರೆ ಹಿಂದಿನ ಪೊರೆಯು ಮತ್ತೆ ಮಬ್ಬಾಗುವುದೂ ಕಡಿಮೆಯಾಗುತ್ತದೆ.

ವೆಂಕಟಸ್ವಾಮಿಯವರು ವಿವಾಹವಾಗಲಿಲ್ಲ, 2006ರ ಜುಲೈ 7ರಂದು ನಿಧನರಾದರು. ಅವರನ್ನು ಸ್ಮರಿಸುವ ನಾವು ಮನೆಯ ಹಿರಿಯರತ್ತ ಒಮ್ಮೆ ನೋಡಬೇಕು. ಅಜ್ಜಿ ಪತ್ರಿಕೆ ಓದುವುದನ್ನು ಬಿಟ್ಟಿದ್ದರೆ, ಅಜ್ಜ ಮೆಟ್ಟಿಲಲ್ಲಿ ತಡವರಿಸುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗದೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯೋಣ. ಪೊರೆಯೇ ಕಾರಣವಾಗಿದ್ದರೆ ಅವರು ಮತ್ತೆ ಮೊಮ್ಮಕ್ಕಳ ಪಾಠಪುಸ್ತಕವನ್ನು ಓದಿಯಾರು.