ಡೊನ್ನಾ ರೀಡ್

ಡೊನ್ನಾ ರೀಡ್ (ಜನವರಿ ೨೭, ೧೯೨೧ - ಜನವರಿ ೧೪, ೧೯೮೬) ಅಮೆರಿಕದ ಚಲನಚಿತ್ರ ಹಾಗೂ ಕಿರುತೆರೆಯ ಹೆಸರಾಂತ ಅಭಿನೇತ್ರಿ. 'ಇಟ್ಸ್ ಎ ವಂಡರ್‌ಫುಲ್ ಲೈಫ್' (೧೯೪೬) ಚಿತ್ರದ ಮೇರಿಯ ಪಾತ್ರದಿಂದ ಅವರು ಇಂದಿಗೂ ಜನಮಾನಸದಲ್ಲಿ ಉಳಿದಿದ್ದಾರೆ. 'ಫ್ರಮ್ ಹಿಯರ್ ಟು ಎಟರ್ನಿಟಿ' (೧೯೫೩) ಚಿತ್ರದ ಅಭಿನಯಕ್ಕಾಗಿ ಶ್ರೇಷ್ಠ ಪೋಷಕ ನಟಿಯೆಂದು ಆಸ್ಕರ್ ಪ್ರಶಸ್ತಿಗೆ ಭಾಜನರಾದರು. ೧೯೫೮ರಿಂದ ೧೯೬೬ರವರೆಗೆ ಪ್ರಸಾರವಾದ 'ದ ಡೊನ್ನಾ ರೀಡ್ ಶೋ' ಧಾರಾವಾಹಿಯು ಅವರನ್ನು ಅಮೆರಿಕದ ಮನೆಮಾತಾಗಿಸಿತು. ಎಂಟು ಸೀಸನ್‌ಗಳ ಈ ಧಾರಾವಾಹಿಯಲ್ಲಿ ಐದು ಮಾತ್ರ ಡಿವಿಡಿ ರೂಪದಲ್ಲಿ ಬಿಡುಗಡೆಯಾದವು. ಕೊನೆಯ ಮೂರು ಸೀಸನ್‌ಗಳಿಗೆ ಆ ಭಾಗ್ಯ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಡೊನ್ನಾ ಅವರ ಹುಟ್ಟುಹೆಸರು ಡೊನ್ನಾ ಬೆಲ್ ಮುಲೆಂಜರ್. ಅಯೋವಾ ರಾಜ್ಯದ ಡೆನಿಸನ್ ಎಂಬ ಪುಟ್ಟ ಪಟ್ಟಣದ ಸಮೀಪದ ಹೊಲಮನೆಯಲ್ಲಿ ಅವರು ಜನಿಸಿದರು. ತಂದೆ ವಿಲಿಯಂ ರಿಚರ್ಡ್ ಮುಲೆಂಜರ್, ತಾಯಿ ಹೇಝಲ್. ಐವರು ಮಕ್ಕಳಲ್ಲಿ ಇವರೇ ಹಿರಿಯರು. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟು ಮತ್ತು ಬರಗಾಲ ಅಲ್ಲಿನ ರೈತಕುಟುಂಬಗಳನ್ನು ಕಂಗೆಡಿಸಿದ್ದ ಕಾಲವದು. ಹಸುಗಳ ಹಾಲು ಕರೆಯುವುದೇ ಮೊದಲಾದ ಬೇಸಾಯದ ಮನೆಯ ಕೆಲಸಗಳೆಲ್ಲ ಅವರಿಗೆ ಚಿಕ್ಕಂದಿನಿಂದಲೇ ರೂಢಿಯಾಗಿದ್ದವು.

ಶಾಲೆಯಲ್ಲಿ ಅವರು ಸಂಕೋಚ ಸ್ವಭಾವದ ಬಾಲಕಿಯಾಗಿದ್ದರು. ರಸಾಯನಶಾಸ್ತ್ರದ ಅಧ್ಯಾಪಕ ಎಡ್ವರ್ಡ್ ಟಾಂಪ್ಕಿನ್ಸ್ ಇದನ್ನು ಗಮನಿಸಿ ಡೇಲ್ ಕಾರ್ನೆಗಿಯವರ ಪ್ರಸಿದ್ಧ ವ್ಯಕ್ತಿತ್ವವಿಕಸನ ಗ್ರಂಥವೊಂದನ್ನು ಓದಲು ಕೊಟ್ಟರು. ಆ ಓದಿನಿಂದ ಧೈರ್ಯ ತಂದುಕೊಂಡ ಬಾಲಕಿ ಶಾಲಾ ನಾಟಕಗಳಲ್ಲಿ ಭಾಗವಹಿಸತೊಡಗಿದಳು. ಟಾಂಪ್ಕಿನ್ಸ್ ಅವರು ಮುಂದೆ ಪರಮಾಣು ಬಾಂಬ್ ನಿರ್ಮಾಣದ ಮ್ಯಾನ್‌ಹಟನ್ ಯೋಜನೆಯಲ್ಲಿ ಕೆಲಸ ಮಾಡಿದರು. ಅವರ ಶಿಷ್ಯೆಯು ನಡುವಯಸ್ಸಿನಲ್ಲಿ ಪರಮಾಣು ಅಸ್ತ್ರಗಳ ವಿರುದ್ಧ ದನಿಯೆತ್ತಿದ್ದು ಕಾಲದ ಒಂದು ವಿಪರ್ಯಾಸ.

ಚಿತ್ರರಂಗ ಪ್ರವೇಶ

೧೯೩೮ರಲ್ಲಿ ಪ್ರೌಢಶಾಲಾ ವಿದ್ಯಾಭ್ಯಾಸ ಮುಗಿದ ಬಳಿಕ ಡೊನ್ನಾ ಕ್ಯಾಲಿಫೋರ್ನಿಯಾಕ್ಕೆ ತೆರಳಿ ಲಾಸ್ ಏಂಜಲೀಸ್ ಸಿಟಿ ಕಾಲೇಜನ್ನು ಸೇರಿದರು. ಅಲ್ಲಿ ನಾಟಕಗಳಲ್ಲಿ ಅಭಿನಯಿಸಿದ ಅವರು ಕಾಲೇಜಿನ ಸೌಂದರ್ಯ ಸ್ಪರ್ಧೆಯಲ್ಲಿ ರಾಣಿಯಾಗಿ ಆಯ್ಕೆಯಾದರು. ಪತ್ರಿಕೆಗಳಲ್ಲಿ ಪ್ರಕಟವಾದ ಭಾವಚಿತ್ರ ಚಿತ್ರಸಂಸ್ಥೆಗಳ ಕಣ್ಣಿಗೆ ಬಿದ್ದಿತು. ೧೯೪೧ರಲ್ಲಿ ಎಂಜಿಎಂ ಸಂಸ್ಥೆಯು ಅವರೊಡನೆ ಒಪ್ಪಂದ ಮಾಡಿಕೊಂಡಿತು.

ಅದೇ ವರ್ಷದ 'ದ ಗೆಟ್-ಅವೇ' ಅವರ ಮೊದಲ ಚಿತ್ರ. ಆಗ ಅವರಿಗೆ ಡೊನ್ನಾ ಆಡಮ್ಸ್ ಎಂಬ ಹೆಸರನ್ನು ನೀಡಲಾಗಿತ್ತು. ಕೆಲವೇ ದಿನಗಳಲ್ಲಿ ಸಂಸ್ಥೆಯು ಅದನ್ನು ಡೊನ್ನಾ ರೀಡ್ ಎಂದು ಬದಲಾಯಿಸಿತು. 'ಶ್ಯಾಡೋ ಆಫ್ ದ ಥಿನ್ ಮ್ಯಾನ್' (೧೯೪೧), 'ದ ಕೋರ್ಟ್‌ಶಿಪ್ ಆಫ್ ಆಂಡಿ ಹಾರ್ಡಿ' (೧೯೪೨), 'ದ ಹ್ಯೂಮನ್ ಕಾಮಿಡಿ' (೧೯೪೩), 'ದ ಪಿಕ್ಚರ್ ಆಫ್ ಡೋರಿಯನ್ ಗ್ರೇ' (೧೯೪೫) ಈ ಅವಧಿಯ ಮುಖ್ಯ ಚಿತ್ರಗಳು. ಜಾನ್ ಫೋರ್ಡ್ ನಿರ್ದೇಶನದ 'ದೇ ವರ್ ಎಕ್ಸ್‌ಪೆಂಡಬಲ್' (೧೯೪೫) ಚಿತ್ರದಲ್ಲಿ ಯುದ್ಧಭೂಮಿಯ ದಾದಿಯಾಗಿ ಅವರು ನೀಡಿದ ಸಂಯಮದ ಅಭಿನಯ ವಿಮರ್ಶಕರ ಮೆಚ್ಚುಗೆ ಪಡೆಯಿತು.

ಸೈನಿಕರ ಪತ್ರಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ದೂರದ ರಣರಂಗಗಳಲ್ಲಿದ್ದ ಅಮೆರಿಕದ ಯೋಧರಿಗೆ ಡೊನ್ನಾ ರೀಡ್ ಊರಿನ ನೆರೆಮನೆಯ ಹುಡುಗಿಯಂತೆ ಕಂಡರು. ಅನೇಕರು ಅವರಿಗೆ ಪತ್ರ ಬರೆದರು. ಹಾಲಿವುಡ್ ಕ್ಯಾಂಟೀನ್‌ನಲ್ಲಿ ಸೈನಿಕರೊಡನೆ ಮಾತನಾಡಿ, ನೃತ್ಯ ಮಾಡಿ ಅವರನ್ನು ಹುರಿದುಂಬಿಸುವ ಸೇವೆಯಲ್ಲಿಯೂ ಅವರು ಪಾಲ್ಗೊಂಡಿದ್ದರು. ಬಂದ ಪತ್ರಗಳ ಪೈಕಿ ೩೪೧ನ್ನು ಅವರು ಜೀವನಪರ್ಯಂತ ಕಾಪಾಡಿಕೊಂಡು ಬಂದಿದ್ದರು. ಈ ವಿಷಯವನ್ನು ಮಕ್ಕಳಿಗೂ ಹೇಳಿರಲಿಲ್ಲ. ಅವರ ಮರಣಾನಂತರ ಶೂ ಪೆಟ್ಟಿಗೆಯೊಂದರಲ್ಲಿ ಪತ್ತೆಯಾದ ಈ ಪತ್ರಗಳು ೨೦೦೯ರಲ್ಲಿ ಸಾರ್ವಜನಿಕರ ಗಮನಕ್ಕೆ ಬಂದವು.

ಮೇರಿ ಬೈಲಿಯ ಪಾತ್ರ

೧೯೪೬ರಲ್ಲಿ ಫ್ರ್ಯಾಂಕ್ ಕಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದಲ್ಲಿ ಜೇಮ್ಸ್ ಸ್ಟೂವರ್ಟ್ ಅವರಿಗೆ ಜೋಡಿಯಾಗಿ ನಟಿಸಿದರು. ಪಾಳುಮನೆಯ ಕಿಟಕಿಯ ಗಾಜಿಗೆ ಕಲ್ಲೆಸೆಯುವ ದೃಶ್ಯಕ್ಕಾಗಿ ಕಾಪ್ರಾ ಗುರಿಕಾರನೊಬ್ಬನನ್ನು ಗೊತ್ತುಮಾಡಿದ್ದರು. ಆದರೆ ಹಳ್ಳಿಯಲ್ಲಿ ಬೆಳೆದ ಡೊನ್ನಾ ತಾವೇ ಕಲ್ಲೆಸೆದು ಗಾಜನ್ನು ಒಡೆದರೆಂದು ಪ್ರಸಿದ್ಧಿ.

ಈ ಚಿತ್ರ ಬಿಡುಗಡೆಯಾದಾಗ ನಿರೀಕ್ಷಿಸಿದಷ್ಟು ಹಣ ಗಳಿಸಲಿಲ್ಲ. ೧೯೭೪ರಲ್ಲಿ ಅದರ ಕೃತಿಸ್ವಾಮ್ಯವನ್ನು ಯಾರೂ ನವೀಕರಿಸದ ಕಾರಣ ಟೆಲಿವಿಷನ್ ಕೇಂದ್ರಗಳು ಅದನ್ನು ಪ್ರತಿ ಕ್ರಿಸ್‌ಮಸ್ ಹಬ್ಬದಂದು ಪ್ರಸಾರ ಮಾಡತೊಡಗಿದವು. ಹೀಗೆ ಮರೆವಿನ ಅಂಚಿನಲ್ಲಿದ್ದ ಚಿತ್ರವು ಹಬ್ಬದ ಸಂಪ್ರದಾಯವಾಗಿ ಬೆಳೆಯಿತು. ಹಕ್ಕುಗಳ ಬೇಲಿ ತೆರವಾದುದರಿಂದಲೇ ಒಂದು ಕೃತಿ ಮರುಹುಟ್ಟು ಪಡೆದ ಅಪರೂಪದ ನಿದರ್ಶನವಿದು.

ಆಸ್ಕರ್ ಪ್ರಶಸ್ತಿ

ಸೌಮ್ಯ ಸ್ವಭಾವದ ಪಾತ್ರಗಳಿಗೇ ಸೀಮಿತರಾಗಿದ್ದ ಅವರಿಗೆ ೧೯೫೩ರಲ್ಲಿ ಕೊಲಂಬಿಯಾ ಸಂಸ್ಥೆಯ 'ಫ್ರಮ್ ಹಿಯರ್ ಟು ಎಟರ್ನಿಟಿ' ಚಿತ್ರದಲ್ಲಿ ತೀರ ಭಿನ್ನವಾದ ಅವಕಾಶ ದೊರೆಯಿತು. ಜೇಮ್ಸ್ ಜೋನ್ಸ್ ಅವರ ಕಾದಂಬರಿಯನ್ನು ಆಧರಿಸಿದ, ಪರ್ಲ್ ಹಾರ್ಬರ್ ದಾಳಿಗೆ ಮುಂಚಿನ ಹವಾಯಿ ದ್ವೀಪದ ಈ ಕಥೆಯಲ್ಲಿ ಅವರು ಆಲ್ಮಾ ಎಂಬ ಕ್ಲಬ್ ಯುವತಿಯ ಪಾತ್ರ ವಹಿಸಿದರು. ನಿರ್ದೇಶಕ ಫ್ರೆಡ್ ಜಿನ್ನೆಮನ್ ಅವರೊಡನೆ 'ಐಸ್ ಇನ್ ದ ನೈಟ್' (೧೯೪೨) ಚಿತ್ರದಲ್ಲಿಯೇ ಕೆಲಸ ಮಾಡಿದ್ದರು. ಚಿತ್ರವು ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಅವುಗಳಲ್ಲೊಂದು ಡೊನ್ನಾ ಅವರದು.

ಆದರೆ ಪ್ರಶಸ್ತಿಯ ನಂತರ ಒಳ್ಳೆಯ ಪಾತ್ರಗಳು ಅವರನ್ನು ಅರಸಿ ಬರಲಿಲ್ಲ. ಹೆಚ್ಚಾಗಿ ಕೌಬಾಯ್ ಚಿತ್ರಗಳಲ್ಲಿ ನಾಯಕನ ಪ್ರೇಯಸಿಯ ಪಾತ್ರಗಳೇ ದೊರೆತವು. 'ದ ಫಾರ್ ಹೊರೈಜನ್ಸ್' (೧೯೫೫) ಚಿತ್ರದಲ್ಲಿ ಮೂಲನಿವಾಸಿ ಮಹಿಳೆ ಸಕಗವೀಯಳ ಪಾತ್ರಕ್ಕೆ ಅವರನ್ನು ಆರಿಸಿದ್ದು ಇಂದಿನ ದೃಷ್ಟಿಯಲ್ಲಿ ಅನುಚಿತವೆನಿಸುತ್ತದೆ. 'ದ ಬೆನ್ನಿ ಗುಡ್‌ಮನ್ ಸ್ಟೋರಿ' (೧೯೫೬) ಈ ಕಾಲದ ಗಮನಾರ್ಹ ಚಿತ್ರ.

ದ ಡೊನ್ನಾ ರೀಡ್ ಶೋ

ಬೆಳ್ಳಿತೆರೆಯಲ್ಲಿ ಅವಕಾಶಗಳು ಕ್ಷೀಣಿಸಿದಾಗ ಡೊನ್ನಾ ಕಿರುತೆರೆಯತ್ತ ಹೊರಳಿದರು. ಪತಿ, ನಿರ್ಮಾಪಕ ಟೋನಿ ಓವೆನ್ ಅವರೊಡನೆ ಸ್ಥಾಪಿಸಿದ ಸಂಸ್ಥೆಗೆ ಇಬ್ಬರ ಹೆಸರುಗಳನ್ನೂ ಬೆಸೆದು ಟೋಡಾನ್ ಎಂದು ಹೆಸರಿಟ್ಟರು. ಸ್ಕ್ರೀನ್ ಜೆಮ್ಸ್ ಸಂಸ್ಥೆಯ ಸಹಯೋಗದಲ್ಲಿ ತಯಾರಾದ 'ದ ಡೊನ್ನಾ ರೀಡ್ ಶೋ' ಎಬಿಸಿ ವಾಹಿನಿಯಲ್ಲಿ ಸೆಪ್ಟೆಂಬರ್ ೨೪, ೧೯೫೮ರಂದು ಆರಂಭವಾಯಿತು.

ಹಿಲ್‌ಡೇಲ್ ಎಂಬ ಕಲ್ಪಿತ ಊರಿನ ಮಕ್ಕಳ ವೈದ್ಯ ಅಲೆಕ್ಸ್ ಸ್ಟೋನ್, ಆತನ ಪತ್ನಿ ಡೊನ್ನಾ ಸ್ಟೋನ್, ಮಕ್ಕಳಾದ ಮೇರಿ ಮತ್ತು ಜೆಫ್, ಇವರ ದೈನಂದಿನ ಬದುಕೇ ಕಥಾವಸ್ತು. ಕಾರ್ಲ್ ಬೆಟ್ಜ್, ಶೆಲ್ಲಿ ಫ್ಯಾಬರೆ ಮತ್ತು ಪಾಲ್ ಪೀಟರ್ಸನ್ ಸಹಕಲಾವಿದರು. ಅದುವರೆಗಿನ ಕುಟುಂಬ ಧಾರಾವಾಹಿಗಳಲ್ಲಿ ತಂದೆಯೇ ಕೇಂದ್ರವಾಗಿರುತ್ತಿದ್ದ. ಇಲ್ಲಿ ಕಥೆ ತಾಯಿಯ ಸುತ್ತ ಸುತ್ತುತ್ತದೆ. ಮೊದಲ ತಿಂಗಳುಗಳಲ್ಲಿ ವೀಕ್ಷಕರ ಸಂಖ್ಯೆ ಕಡಿಮೆಯಿದ್ದು, ಪ್ರಸಾರವನ್ನು ಬುಧವಾರದಿಂದ ಗುರುವಾರಕ್ಕೆ ಬದಲಾಯಿಸಿದ ಬಳಿಕ ಧಾರಾವಾಹಿ ನೆಲೆಯೂರಿತು. ಹಾಸ್ಯನಟ ಬಸ್ಟರ್ ಕೀಟನ್, ಬೇಸ್‌ಬಾಲ್ ಆಟಗಾರ ವಿಲ್ಲೀ ಮೇಸ್ ಮೊದಲಾದವರು ಅತಿಥಿಗಳಾಗಿ ಕಾಣಿಸಿಕೊಂಡರು. ಫ್ಯಾಬರೆ ಅವರ 'ಜಾನಿ ಏಂಜೆಲ್' ಹಾಡು ೧೯೬೨ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು.

ಮುತ್ತಿನ ಹಾರ ಧರಿಸಿ, ಸದಾ ನಗುಮೊಗದಿಂದ ಮನೆಗೆಲಸ ಮಾಡುವ ಆದರ್ಶ ಗೃಹಿಣಿಯ ಚಿತ್ರಣವೆಂದು ಈ ಧಾರಾವಾಹಿಯನ್ನು ನಂತರದ ಸ್ತ್ರೀವಾದಿ ಚಿಂತಕರು ಟೀಕಿಸಿದ್ದಾರೆ. ಆದರೆ ತೆರೆಯ ಹಿಂದೆ ಇದ್ದವರು ತಮ್ಮದೇ ಸಂಸ್ಥೆಯ ಪಾಲುದಾರಳಾಗಿ ಕಥೆ, ಚಿತ್ರೀಕರಣಗಳ ನಿರ್ಧಾರಗಳಲ್ಲಿ ಭಾಗಿಯಾಗುತ್ತಿದ್ದ ದುಡಿಯುವ ಮಹಿಳೆ. ಈ ಧಾರಾವಾಹಿಗಾಗಿ ಅವರು ನಾಲ್ಕು ಬಾರಿ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು; ೧೯೬೩ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಂದಿತು. ೨೭೫ ಕಂತುಗಳ ಬಳಿಕ ಮಾರ್ಚ್ ೧೯, ೧೯೬೬ರಂದು ಪ್ರಸಾರ ಮುಕ್ತಾಯವಾಯಿತು.

ಅಪೂರ್ಣವಾಗಿ ಉಳಿದ ಡಿವಿಡಿ ಬಿಡುಗಡೆ

೧೯೮೫ರ ಜುಲೈನಲ್ಲಿ ನಿಕ್ ಅಟ್ ನೈಟ್ ವಾಹಿನಿ ಆರಂಭವಾದಾಗ ಅದರ ಮೊದಲ ಕಾರ್ಯಕ್ರಮಗಳಲ್ಲಿ ಈ ಧಾರಾವಾಹಿಯೂ ಒಂದಾಗಿತ್ತು. ಇದರಿಂದ ಹೊಸ ಪೀಳಿಗೆಯ ಪ್ರೇಕ್ಷಕರು ಅದಕ್ಕೆ ದೊರೆತರು. ೨೦೦೮ರಲ್ಲಿ ಮೊದಲ ಸೀಸನ್ ಡಿವಿಡಿಯಾಗಿ ಹೊರಬಂದಿತು. ಮುಂದಿನ ವರ್ಷಗಳಲ್ಲಿ ಬಿಡುಗಡೆಯ ಹಕ್ಕು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗಿ ಎಂಪಿಐ ಹೋಮ್ ವಿಡಿಯೊ ಕೈಸೇರಿತು. ಐದನೆಯ ಸೀಸನ್‌ನ ನಂತರ ಬಿಡುಗಡೆ ನಿಂತುಹೋಯಿತು.

ಹಳೆಯ ಧಾರಾವಾಹಿಗಳ ವಿಷಯದಲ್ಲಿ ಹೀಗಾಗುವುದು ಅಪರೂಪವಲ್ಲ. ಮೊದಲ ಸೀಸನ್ ಅನ್ನು ಕುತೂಹಲದಿಂದ ಕೊಂಡವರೆಲ್ಲರೂ ಮುಂದಿನವನ್ನು ಕೊಳ್ಳುವುದಿಲ್ಲ. ಸಂಚಿಕೆಯಿಂದ ಸಂಚಿಕೆಗೆ ಮಾರಾಟ ಇಳಿಯುತ್ತದೆ. ಹಳೆಯ ಫಿಲ್ಮನ್ನು ಶುದ್ಧೀಕರಿಸಿ ಡಿಜಿಟಲ್ ರೂಪಕ್ಕೆ ತರುವ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಜೊತೆಗೆ, ಅಂತರಜಾಲದ ಮೂಲಕ ನೋಡುವ ರೂಢಿ ಬೆಳೆದಂತೆ ಡಿವಿಡಿ ಮಾರುಕಟ್ಟೆಯೇ ಕುಗ್ಗಿತು.

ಇದರ ಫಲವಾಗಿ ಧಾರಾವಾಹಿಯ ಒಂದು ಪ್ರಮುಖ ಘಟ್ಟ ಸಂಗ್ರಾಹಕರಿಗೆ ಎಟುಕದಂತಾಗಿದೆ. ೧೯೬೩ರಲ್ಲಿ ಫ್ಯಾಬರೆ ಖಾಯಂ ಕಲಾವಿದರ ಬಳಗದಿಂದ ಹೊರಬಂದರು. ಆ ವರ್ಷವೇ ಐದನೆಯ ಸೀಸನ್‌ನಲ್ಲಿ ಟ್ರಿಶಾ ಎಂಬ ಅನಾಥ ಬಾಲಕಿ ಸ್ಟೋನ್ ಕುಟುಂಬವನ್ನು ಸೇರುತ್ತಾಳೆ. ಈ ಪಾತ್ರವನ್ನು ವಹಿಸಿದ ಪ್ಯಾಟಿ ಪೀಟರ್ಸನ್ ನಿಜಜೀವನದಲ್ಲಿಯೂ ಪಾಲ್ ಅವರ ತಂಗಿ. ಆಕೆ ಆ ಮನೆಗೆ ಬಂದ ಕಥೆ ಡಿವಿಡಿಯಲ್ಲಿದೆ, ಆ ಮನೆಯ ಮಗಳಾಗಿ ಬೆಳೆದ ಕಥೆ ಇಲ್ಲ. ನೆರೆಮನೆಯ ವೈದ್ಯನಾಗಿ ನಟಿಸಿ, ೧೯೬೫ರಲ್ಲಿ 'ಹೋಗನ್ಸ್ ಹೀರೋಸ್' ಧಾರಾವಾಹಿಗೆ ನಾಯಕನಾಗಿ ತೆರಳಿದ ಬಾಬ್ ಕ್ರೇನ್ ಅವರ ಬಹುಪಾಲು ದೃಶ್ಯಗಳೂ ಈ ಉಳಿದ ಭಾಗಕ್ಕೇ ಸೇರಿವೆ.

ಶಾಂತಿ ಚಳವಳಿ

ಧಾರಾವಾಹಿ ಮುಗಿದ ನಂತರ ಡೊನ್ನಾ ಬಹುಕಾಲ ಅಭಿನಯದಿಂದ ದೂರವಿದ್ದರು. ವಿಯೆಟ್ನಾಂ ಯುದ್ಧ ತೀವ್ರಗೊಂಡಾಗ, ಹಿರಿಯ ಮಗನಿಗೂ ಸೇನೆಯ ಕರೆ ಬರಬಹುದೆಂಬ ಆತಂಕ ಅವರನ್ನು ಸಾರ್ವಜನಿಕ ಜೀವನಕ್ಕೆ ಎಳೆತಂದಿತು. ರಿಪಬ್ಲಿಕನ್ ಪಕ್ಷದವರಾಗಿದ್ದ ಅವರು ೧೯೬೭ರಲ್ಲಿ 'ಅನದರ್ ಮದರ್ ಫಾರ್ ಪೀಸ್' ಸಂಘಟನೆಯ ಸಹ ಅಧ್ಯಕ್ಷೆಯಾದರು. ಇದನ್ನು ಹುಟ್ಟುಹಾಕಿದ ಬಾರ್ಬರಾ ಅವೆಡನ್ ಹಿಂದೆ ಡೊನ್ನಾ ಅವರ ಧಾರಾವಾಹಿಗೇ ಕಥೆ ಬರೆದಿದ್ದವರು. ೧೯೬೮ರ ಅಧ್ಯಕ್ಷೀಯ ಚುನಾವಣೆಯ ಸಂದರ್ಭದಲ್ಲಿ ಯುದ್ಧವಿರೋಧಿ ನಾಯಕ ಯೂಜಿನ್ ಮೆಕಾರ್ಥಿ ಅವರನ್ನು ಬೆಂಬಲಿಸಿದರು. ತೆರೆಯ ಮೇಲೆ ಆದರ್ಶ ತಾಯಿಯೆನಿಸಿದ್ದ ಮಹಿಳೆ ನಿಜಜೀವನದಲ್ಲಿ ತಾಯಂದಿರ ಪರವಾಗಿ ಸರ್ಕಾರವನ್ನು ಪ್ರಶ್ನಿಸಿದ್ದು ಅನೇಕರಿಗೆ ಅಚ್ಚರಿ ತಂದಿತು.

ವೈಯಕ್ತಿಕ ಜೀವನ

ಡೊನ್ನಾ ಮೂರು ಬಾರಿ ವಿವಾಹವಾದರು. ಪ್ರಸಾಧನ ಕಲಾವಿದ ವಿಲಿಯಂ ಟಟಲ್ ಅವರೊಡನೆ ೧೯೪೩ರಲ್ಲಿ ನಡೆದ ಮೊದಲ ವಿವಾಹ ೧೯೪೫ರಲ್ಲಿ ಮುರಿಯಿತು. ಅದೇ ವರ್ಷ ಟೋನಿ ಓವೆನ್ ಅವರನ್ನು ವರಿಸಿದರು. ಇಬ್ಬರು ದತ್ತು ಮಕ್ಕಳೂ ಸೇರಿದಂತೆ ಈ ದಂಪತಿಗೆ ನಾಲ್ವರು ಮಕ್ಕಳು. ೧೯೭೧ರಲ್ಲಿ ವಿಚ್ಛೇದನವಾಯಿತು. ೧೯೭೪ರಲ್ಲಿ ನಿವೃತ್ತ ಸೇನಾಧಿಕಾರಿ ಗ್ರೋವರ್ ಆಸ್ಮಸ್ ಅವರನ್ನು ಮದುವೆಯಾದರು.

ಡಲ್ಲಾಸ್ ಪ್ರಕರಣ ಮತ್ತು ನಿಧನ

೧೯೮೪ರಲ್ಲಿ ಜನಪ್ರಿಯ 'ಡಲ್ಲಾಸ್' ಧಾರಾವಾಹಿಯಲ್ಲಿ ಮಿಸ್ ಎಲೀ ಪಾತ್ರಕ್ಕೆ ಡೊನ್ನಾ ಆಯ್ಕೆಯಾದರು. ಅನಾರೋಗ್ಯದ ಬಳಿಕ ಆ ಪಾತ್ರವನ್ನು ಬಿಟ್ಟಿದ್ದ ಬಾರ್ಬರಾ ಬೆಲ್ ಗೆಡ್ಡೆಸ್ ಒಂದು ವರ್ಷದ ನಂತರ ಮರಳಲು ಒಪ್ಪಿದಾಗ ಡೊನ್ನಾ ಅವರನ್ನು ಕೈಬಿಡಲಾಯಿತು. ಒಪ್ಪಂದದ ಅವಧಿ ಇನ್ನೂ ಮುಗಿದಿರಲಿಲ್ಲ. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ನಿರ್ಮಾಣ ಸಂಸ್ಥೆಯು ಹತ್ತು ಲಕ್ಷ ಡಾಲರಿಗೂ ಅಧಿಕ ಮೊತ್ತ ನೀಡಿ ರಾಜಿ ಮಾಡಿಕೊಂಡಿತು.

ಕೆಲವೇ ತಿಂಗಳಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಯಿತು. ಜನವರಿ ೧೪, ೧೯೮೬ರಂದು ಬೆವರ್ಲಿ ಹಿಲ್ಸ್‌ನಲ್ಲಿ ಅವರು ಕೊನೆಯುಸಿರೆಳೆದರು. ಅರವತ್ತೈದು ತುಂಬಲು ಆಗ ಹದಿಮೂರು ದಿನಗಳಷ್ಟೇ ಉಳಿದಿದ್ದವು. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ವಿಲೇಜ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಸ್ಮರಣೆ

೧೯೮೭ರಲ್ಲಿ ಬಂಧುಮಿತ್ರರು ಡೆನಿಸನ್‌ನಲ್ಲಿ ಡೊನ್ನಾ ರೀಡ್ ಪ್ರದರ್ಶನ ಕಲೆಗಳ ಪ್ರತಿಷ್ಠಾನವನ್ನು ಸ್ಥಾಪಿಸಿ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ನೀಡುವ ಕಾರ್ಯ ಆರಂಭಿಸಿದರು. ಊರಿನ ಹಳೆಯ ರಂಗಮಂದಿರಕ್ಕೆ ಅವರ ಹೆಸರಿಡಲಾಗಿದೆ. ಅವರ ಆಸ್ಕರ್ ಪ್ರತಿಮೆಯನ್ನು ಅದೇ ಊರಿನ ಮೆಕ್‌ಹೆನ್ರಿ ಹೌಸ್ ಎಂಬ ಹಳೆಯ ಮನೆಯಲ್ಲಿ ಸಾರ್ವಜನಿಕರ ವೀಕ್ಷಣೆಗೆ ಇರಿಸಲಾಗಿದೆ. ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿಯೂ ಅವರ ಹೆಸರಿನ ನಕ್ಷತ್ರವಿದೆ.